ರ‍್ಯಾಮ್ ಹೆಚ್ಚಿಸಿದರೆ ಪೂರ್ಣ ರೂಟಿಂಗ್ ಟೇಬಲ್ ಹಿಡಿಸುತ್ತದೆಯೇ?

ಪ್ರಶ್ನೆ: ನಮ್ಮ ಸಂಸ್ಥೆಯ ಹಳೆಯ ಬಾರ್ಡರ್ ರೂಟರ್‌ಗೆ ಇಬ್ಬರು ಸೇವಾದಾರರಿಂದ ಇಂಟರ್‌ನೆಟ್ಟಿನ ಪೂರ್ಣ ರೂಟಿಂಗ್ ಟೇಬಲ್ (ಜಗತ್ತಿನ ಎಲ್ಲ ಜಾಲಗಳಿಗೆ ಹೋಗುವ ಮಾರ್ಗಗಳ ಪಟ್ಟಿ) ಪಡೆಯಬೇಕೆಂದಿದ್ದೇವೆ. ರ‍್ಯಾಮ್ ದುಪ್ಪಟ್ಟು ಮಾಡಿಸಿದರೆ ಸಾಕೇ?

ಉತ್ತರ: ಸಾಲದು. ಈ ಪ್ರಶ್ನೆ ಪದೇ ಪದೇ ಬರುತ್ತದೆ, ಮತ್ತು ಬಹುಪಾಲು ಅದರ ಹಿಂದೆ ಹಳೆಯ ಪೆಟ್ಟಿಗೆಗೆ ಹೊಸ ಮೆಮೊರಿ ತುಂಬಿ ಮಾರುವ ವ್ಯಾಪಾರಿಯೊಬ್ಬನಿರುತ್ತಾನೆ. ಜಾಲಗಳು ತಮ್ಮ ಮಾರ್ಗಗಳನ್ನು ಒಂದಕ್ಕೊಂದು ತಿಳಿಸುವ ಬಿಜಿಪಿ ಎಂಬ ಪದ್ಧತಿಯಿಂದ ಕಲಿತ ಮಾರ್ಗಗಳೆಲ್ಲ ರ‍್ಯಾಮ್‌ನಲ್ಲಿ ಕೂರುತ್ತವೆ ಎಂಬುದು ನಿಜ. ಆದರೆ ಬಂದ ಪ್ಯಾಕೆಟ್ ಯಾವ ಪೋರ್ಟಿನಿಂದ ಹೊರಡಬೇಕೆಂದು ನಿರ್ಧರಿಸುವುದು, ಅವುಗಳಲ್ಲಿ ಆಯ್ದ ಮಾರ್ಗಗಳನ್ನಷ್ಟೇ ಹೊತ್ತಿರುವ ಫಾರ್ವರ್ಡಿಂಗ್ ಟೇಬಲ್. ಈ ಬಗೆಯ ಹಲವು ರೂಟರ್‌ಗಳಲ್ಲಿ ಅದು ಟಿಕ್ಯಾಮ್ ಎಂಬ ವಿಶೇಷ ಮೆಮೊರಿಯಲ್ಲಿರುತ್ತದೆ. ಟಿಕ್ಯಾಮ್ ತನ್ನ ನಮೂದುಗಳೆಲ್ಲವನ್ನೂ ಒಮ್ಮೆಗೇ ಹೋಲಿಸಿ, ಹೊಂದುವ ಅತಿ ಉದ್ದದ ಪ್ರಿಫಿಕ್ಸನ್ನು (ವಿಳಾಸಗಳ ಒಂದು ಗುಂಪನ್ನು ಗುರುತಿಸುವ, ವಿಳಾಸದ ಮೊದಲ ಭಾಗ) ಹೆಕ್ಕಿ ಕೊಡುವುದರಿಂದ ವೇಗ ಹೆಚ್ಚು, ಅದಕ್ಕೆ ತಕ್ಕಂತೆ ವಿದ್ಯುತ್ತು, ಶಾಖ ಮತ್ತು ವೆಚ್ಚವೂ ಹೆಚ್ಚು. ಅದರ ಗಾತ್ರ ಹಾರ್ಡ್‌ವೇರ್‌ನಲ್ಲೇ ನಿಗದಿಯಾಗಿರುತ್ತದೆ; ರ‍್ಯಾಮ್ ಕಡ್ಡಿ ಸಿಕ್ಕಿಸಿ ಹಿಗ್ಗಿಸಲು ಬರುವುದಿಲ್ಲ. ಇಬ್ಬರಿಂದ ಪೂರ್ಣ ಟೇಬಲ್ ಪಡೆದರೆ ರ‍್ಯಾಮ್‌ನ ಹೊರೆ ದುಪ್ಪಟ್ಟಾಗುತ್ತದೆಯೇ ಹೊರತು ಟಿಕ್ಯಾಮ್‌ನದಲ್ಲ. ಅಲ್ಲಿ ಒಬ್ಬರ ಟೇಬಲ್ಲೇ ಹಿಡಿಸದಿರುವುದು ನಿಮ್ಮ ಸಮಸ್ಯೆ.

2014ರ ಆಗಸ್ಟ್ 12ರಂದು ಆದದ್ದೂ ಇದೇ. ಆಗ ಬಹಳ ಬಳಕೆಯಲ್ಲಿದ್ದ ಸಿಸ್ಕೊ 6500 ಮತ್ತು 7600 ಸರಣಿಯ ದೊಡ್ಡ ಟಿಕ್ಯಾಮ್‌ಗಳಲ್ಲಿ ಸುಮಾರು ಹತ್ತು ಲಕ್ಷ ನಮೂದುಗಳಿಗೆ ಜಾಗವಿದ್ದರೂ, ಮೂಲ ಹಂಚಿಕೆಯಲ್ಲಿ ಇಂಟರ್ನೆಟ್ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ಗೆ 512ಕೆ, ಅಂದರೆ 5,24,288 ಮಾತ್ರ ಮೀಸಲಾಗಿತ್ತು. ದೊಡ್ಡ ಜಾಲವೊಂದು ಸುಮಾರು 15,000 ಸಣ್ಣ ಪ್ರಿಫಿಕ್ಸ್‌ಗಳನ್ನು ಅಂದು ಕೆಲಹೊತ್ತು ಹೆಚ್ಚುವರಿಯಾಗಿ ಪ್ರಕಟಿಸಿದ್ದೇ ತಡ, ಟೇಬಲ್ ಆ ಗಡಿ ದಾಟಿತು. ಜಾಗ ಸಿಗದ ಮಾರ್ಗಗಳ ಪ್ಯಾಕೆಟ್‌ಗಳೆಲ್ಲ ಸಿಪಿಯು ತಲೆಗೆ ಬಿದ್ದು ರೂಟರ್‌ಗಳು ಏದುಸಿರು ಬಿಟ್ಟವು. ಹಂಚಿಕೆ ಬದಲಿಸಲು ಒಂದು ಸಾಲಿನ ಕಮಾಂಡ್ ಸಾಕಿತ್ತು, ಆದರೆ ರೀಬೂಟ್ ಆಗದೆ ಅದು ಜಾರಿಗೆ ಬರುತ್ತಿರಲಿಲ್ಲ. ಇಂದು ಐಪಿವಿ4 ಟೇಬಲ್ಲೊಂದೇ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಹಂಚಿಕೆಯ ಚಮತ್ಕಾರಕ್ಕೆ ಇನ್ನು ಜಾಗವಿಲ್ಲ.

ಆದ್ದರಿಂದ ಇಬ್ಬರಿಂದಲೂ ಡಿಫಾಲ್ಟ್ ರೂಟ್ (ಬೇರೆ ಮಾರ್ಗ ಗೊತ್ತಿಲ್ಲದ ಪ್ಯಾಕೆಟ್‌ಗಳೆಲ್ಲ ಹಿಡಿಯುವ ಒಂದೇ ದಾರಿ) ಮತ್ತು ಅವರವರ ಸ್ವಂತ ಗ್ರಾಹಕರ ಮಾರ್ಗಗಳನ್ನಷ್ಟೇ ಪಡೆಯಿರಿ, ಸ್ವೀಕರಿಸುವ ಪ್ರಿಫಿಕ್ಸ್‌ಗಳ ಸಂಖ್ಯೆಗೆ ಮಿತಿಯನ್ನೂ ಹಾಕಿಡಿ. ಪೂರ್ಣ ಟೇಬಲ್ ಬೇಕೇ ಬೇಕೆಂದರೆ ಹೊಸ ರೂಟರ್ ಕೊಳ್ಳುವಾಗ ಫಾರ್ವರ್ಡಿಂಗ್ ಟೇಬಲ್ಲಿನ ಸಾಮರ್ಥ್ಯವನ್ನು ಲಿಖಿತವಾಗಿ ಕೇಳಿ. ಮೂರನೇ ಒಂದು ಭಾಗವಾದರೂ ಖಾಲಿ ಉಳಿಯದ ಪೆಟ್ಟಿಗೆಯನ್ನು ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಂದರೆ ಟೇಬಲ್ ಕುಗ್ಗುವುದಲ್ಲವೇ?

ಉತ್ತರ: ಇಲ್ಲ, ಅದು ಐಪಿವಿ4ರ ಜೊತೆಗೆ ಬರುವ ಹೊರೆ, ಮೇಲೆ ಹೇಳಿದ ಟಿಕ್ಯಾಮ್‌ಗಳಲ್ಲಿ ಅದರ ಒಂದು ನಮೂದು ಎರಡರ ಜಾಗ ನುಂಗುತ್ತದೆ.

ಪ್ರಶ್ನೆ: ಮನೆಯ ವೈಫೈ ನಿಧಾನವಾಗಲು ಇದೇ ಕಾರಣವೇ?

ಉತ್ತರ: ಅಲ್ಲ, ಮನೆಯ ರೂಟರ್‌ಗೆ ಒಂದು ಡಿಫಾಲ್ಟ್ ರೂಟ್ ಸಾಕು.

ಪ್ರಶ್ನೆ: ನಮ್ಮ ಸ್ಲ್ಯಾಶ್ 20 ಬ್ಲಾಕನ್ನು (4,096 ವಿಳಾಸಗಳ ಗುಂಪು) ಸ್ಲ್ಯಾಶ್ 24ಗಳಾಗಿ (ತಲಾ 256 ವಿಳಾಸ) ಒಡೆದು ಪ್ರಕಟಿಸಿದರೆ ಜಾಲ ವೇಗವಾಗುತ್ತದೆ ಎಂದು ಸಲಹೆಗಾರರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಒಂದು ನಮೂದು ಇದ್ದಲ್ಲಿ ಹದಿನಾರು ಆಗುತ್ತವೆ, ಅವುಗಳ ಖರ್ಚನ್ನು ಪೂರ್ಣ ಟೇಬಲ್ ಹೊತ್ತ ಜಗತ್ತಿನ ರೂಟರ್‌ಗಳೆಲ್ಲ ಭರಿಸುತ್ತವೆ, ನಿಮ್ಮ ವೇಗ ಇದ್ದಲ್ಲೇ ಇರುತ್ತದೆ. ಸಲಹೆಗಾರರನ್ನು ಬದಲಾಯಿಸಿ.