ಬೀಗ ಹಾಕಿದ ಫಾರ್ಮ್ ತುಂಬುವುದು ಹೇಗೆ?

ಪ್ರಶ್ನೆ: ವರ್ಡ್ ಫೈಲಿನಲ್ಲಿ ಒಂದು ಅರ್ಜಿ ಬಂದಿದೆ. ಬೂದು ಬಣ್ಣದ ಬಾಕ್ಸ್‌ಗಳನ್ನು ಬಿಟ್ಟರೆ ಬೇರೆಲ್ಲೂ ಟೈಪ್ ಆಗುವುದಿಲ್ಲ. ಕೆಲಸದ ಅನುಭವಕ್ಕೆ ಮೂರೇ ಸಾಲು ಕೊಟ್ಟಿದ್ದಾರೆ, ನನಗೆ ಐದು ಬೇಕು. ಸ್ಪೆಲಿಂಗ್ ಚೆಕ್ ಕೂಡ ಕೆಲಸ ಮಾಡುತ್ತಿಲ್ಲ. ಬೀಗ ತೆಗೆಯಬಹುದಾ? ತೆಗೆದರೆ ತಪ್ಪಾ?

ಉತ್ತರ: ಮೊದಲು ಫೈಲಿನ ಕಾಪಿ ಮಾಡಿಕೊಳ್ಳಿ, ಏನೇ ಪ್ರಯೋಗ ಮಾಡಿದರೂ ಅದರ ಮೇಲೇ ಮಾಡಿ. ರಿವ್ಯೂ ಟ್ಯಾಬ್‌ನಲ್ಲಿ ರಿಸ್ಟ್ರಿಕ್ಟ್ ಎಡಿಟಿಂಗ್ ಒತ್ತಿದರೆ ಪಕ್ಕದಲ್ಲಿ ಸ್ಟಾಪ್ ಪ್ರೊಟೆಕ್ಷನ್ ಅಂತ ಕಾಣುತ್ತದೆ. ಪಾಸ್‌ವರ್ಡ್ ಹಾಕಿಲ್ಲದಿದ್ದರೆ ಬೀಗ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಪಾಸ್‌ವರ್ಡ್ ಕೇಳಿದರೆ ಹೊಸ ಖಾಲಿ ಫೈಲ್ ತೆರೆದು, ಇನ್ಸರ್ಟ್ ಟ್ಯಾಬ್‌ನಲ್ಲಿ ಆಬ್ಜೆಕ್ಟ್ ಪಕ್ಕದ ಬಾಣ ಒತ್ತಿ, ಟೆಕ್ಸ್ಟ್ ಫ್ರಮ್ ಫೈಲ್ ಆರಿಸಿ ಅರ್ಜಿಯನ್ನು ಒಳಗೆ ತರಿಸಬಹುದು. ಸಾಮಾನ್ಯವಾಗಿ ಬರಹ ಬರುತ್ತದೆ, ಬೀಗ ಬರುವುದಿಲ್ಲ. ಕೈತಪ್ಪಿ ಪ್ರಶ್ನೆಗಳು ಅಳಿಸಿಹೋಗದಿರಲಿ ಅಂತ ಹಾಕಿದ ಬೀಗ ಇದು, ಗುಟ್ಟು ಕಾಯಲಿಕ್ಕಲ್ಲ.

ಆದರೆ ಹೀಗೆ ಬಿಚ್ಚಿದ ಕಾಪಿಯನ್ನು ಕರಡು ಬರೆಯಲಿಕ್ಕೆ, ಸ್ಪೆಲಿಂಗ್ ನೋಡಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಅದನ್ನೇ ಕಳಿಸಬೇಡಿ. ಕೆಲವು ಕಡೆ ಉತ್ತರಗಳನ್ನು ಓದುವುದು ಮನುಷ್ಯರಲ್ಲ, ಸಾಫ್ಟ್‌ವೇರ್. ಅದು ಒಂದೊಂದು ಬಾಕ್ಸಿನ ಹೆಸರು ಹಿಡಿದು ಮಾಹಿತಿ ಎತ್ತಿಕೊಳ್ಳುತ್ತದೆ, ನೀವು ಸೇರಿಸಿದ ಸಾಲು ಅದಕ್ಕೆ ಕಾಣುವುದೇ ಇಲ್ಲ. ಇನ್ನು ಬೀಗ ತೆಗೆದು ಮತ್ತೆ ಹಾಕಿದರೆ, ಹಳೆಯ ಬಗೆಯ ಬಾಕ್ಸ್‌ಗಳಲ್ಲಿ ತುಂಬಿದ್ದೆಲ್ಲ ಖಾಲಿಯಾಗುವುದೂ ಉಂಟು. ಮೂಲ ಫೈಲಿನಲ್ಲಿ ಮೂರು ಸಾಲು ತುಂಬಿ, ‘ಉಳಿದದ್ದು ಲಗತ್ತಿಸಿದ ಹಾಳೆಯಲ್ಲಿದೆ’ ಅಂತ ಬರೆದು ಇನ್ನೊಂದು ಫೈಲ್ ಸೇರಿಸಿ. ಅರ್ಜಿ ಕಳಿಸಿದವರಿಗೆ ಒಂದು ಮೇಲ್ ಹಾಕಿ ಕೇಳಿದರೂ ಆಗುತ್ತದೆ, ಸಾಲು ಜಾಸ್ತಿ ಮಾಡುವುದು ಅವರಿಗೆ ಕಷ್ಟದ ಕೆಲಸವೇನಲ್ಲ. ಘೋಷಣೆ, ಷರತ್ತುಗಳಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡಿ. ಅದನ್ನು ತಿದ್ದಿ ಸಹಿ ಹಾಕಿ ಕಳಿಸಿದರೆ ಮೋಸವೇ ಆಗುತ್ತದೆ.

ಅನ್‌ಲಾಕ್ ಮಾಡಿಕೊಡುತ್ತೇವೆ ಅನ್ನುವ ವೆಬ್‌ಸೈಟುಗಳಿಗೆ ತುಂಬಿದ ಅರ್ಜಿಯನ್ನು ದಯವಿಟ್ಟು ಹಾಕಬೇಡಿ. ಹುಟ್ಟಿದ ದಿನ, ವಿಳಾಸ, ಫೋನ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ ಅಲ್ವಾ? ಸುಮ್ನೆ ಯಾರದೋ ಕೈಗೆ ಕೊಟ್ಟಂತಾಗುತ್ತದೆ.

ಫಾರ್ಮ್ ಮಾಡುವವರು ಇದನ್ನು ಓದುತ್ತಿದ್ದರೆ, ನಡುವೆ ಸೆಕ್ಷನ್ ಬ್ರೇಕ್ ಹಾಕಿ ಒಂದು ಭಾಗವನ್ನು ಬೀಗದಿಂದ ಹೊರಗಿಡಬಹುದು. ಉದ್ದ ಉತ್ತರ ಬೇಕಾದ ಕಡೆ ಇಷ್ಟು ಮಾಡಿದರೆ ತುಂಬುವವರಿಗೆ ಎಷ್ಟೋ ತಲೆನೋವು ತಪ್ಪುತ್ತದೆ.

ಪ್ರಶ್ನೆ: ಒಂದು ಪಿಡಿಎಫ್ ಅರ್ಜಿ ತೆರೆದರೆ ‘ಪ್ಲೀಸ್ ವೇಟ್’ ಅಂತಷ್ಟೇ ಬರುತ್ತದೆ. ಇನ್ನೊಂದರಲ್ಲಿ ಬಾಕ್ಸೇ ಇಲ್ಲ. ಎರಡಕ್ಕೂ ಬೀಗ ಹಾಕಿದ್ದಾರಾ?

ಉತ್ತರ: ಎರಡೂ ಬೀಗದಂತೆ ಕಾಣುತ್ತಿಲ್ಲ. ಮೊದಲನೆಯದು ಎಕ್ಸ್‌ಎಫ್‌ಎ ಅನ್ನುವ ಹಳೆಯ ಬಗೆಯ ಫಾರ್ಮ್ ಇರಬೇಕು. 2017ರಲ್ಲಿ ಬಂದ ಪಿಡಿಎಫ್ 2.0 ಅನ್ನುವ ಆವೃತ್ತಿ ಇದನ್ನು ಕೈಬಿಡುವ ಪಟ್ಟಿಗೆ ಸೇರಿಸಿತು, ಆದರೂ ಕೆಲವರು ಇನ್ನೂ ಬಳಸುತ್ತಾರೆ. ಡೌನ್‌ಲೋಡ್ ಮಾಡಿ, ಕಂಪ್ಯೂಟರಿನಲ್ಲಿ ಆಕ್ರೊಬ್ಯಾಟ್ ರೀಡರ್‌ನಲ್ಲಿ ತೆರೆಯಿರಿ. ಎರಡನೆಯದು ಬರೀ ಸ್ಕ್ಯಾನ್ ಮಾಡಿದ ಚಿತ್ರ ಇರಬಹುದು. ರೀಡರ್‌ನ ಫಿಲ್ ಅಂಡ್ ಸೈನ್‌ನಲ್ಲಿ ಬೇಕಾದ ಕಡೆ ಅಕ್ಷರ ಕೂರಿಸಬಹುದು, ಫೈರ್‌ಫಾಕ್ಸ್‌ನಲ್ಲೂ ಆಗುತ್ತದೆ. ಡಿಜಿಟಲ್ ಸಹಿ ಹಾಕುವುದಿದ್ದರೆ ಎಲ್ಲ ತುಂಬಿದ ಮೇಲೆ ಹಾಕಿ, ಆಮೇಲೆ ಏನಾದರೂ ತಿದ್ದಿದರೆ ಸಹಿ ಸರಿಯಿಲ್ಲ ಅಂತ ತೋರಿಸುವ ಸಾಧ್ಯತೆ ಇದೆ.