ಟಿಎಸ್‌ಎಚ್ ಜಾಸ್ತಿ ಅಂತ ಬಂದ ಕೂಡಲೇ ಮಾತ್ರೆ ನುಂಗಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಥೈರಾಯ್ಡ್ ರಿಪೋರ್ಟ್ ಬಗ್ಗೆಯೇ. ಒಂದೇ ತರಹದವನ್ನು ಸೇರಿಸಿ, ಕೆಲವಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ, ಊರು ಗೋಣಿಕೊಪ್ಪಲು. ಯಾವಾಗಲೂ ಸುಸ್ತು, ವರ್ಷದಲ್ಲಿ ಆರು ಕೆಜಿ ಏರಿದೆ. ಪ್ಯಾಕೇಜ್ ಚೆಕಪ್ ಮಾಡಿಸಿದೆ. ಟಿ3, ಟಿ4 ಸರಿ ಇವೆ, ಟಿಎಸ್‌ಎಚ್ ಮಾತ್ರ 6.8, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಅದಕ್ಕೆ ಮೂರು ವಾರ ಮುಂಚೆ ಜೋರು ಜ್ವರ ಬಂದಿತ್ತು. ಅತ್ತಿಗೆಗೂ ಥೈರಾಯ್ಡ್ ಇದೆ, ಅವರ ಮಾತ್ರೆಯನ್ನೇ ಶುರು ಮಾಡು ಅಂತಾರೆ ಮನೆಯಲ್ಲಿ. ಜೀವನಪೂರ್ತಿ ನುಂಗಬೇಕಾ?

ಅತ್ತಿಗೆಯ ಮಾತ್ರೆ ಅತ್ತಿಗೆಗೇ ಇರಲಿ ಅಮ್ಮ.

ಟಿಎಸ್‌ಎಚ್ ಅನ್ನೋದು, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಾಡುವ ಟಿ3, ಟಿ4 ತರಹದ ಹಾರ್ಮೋನೇ ಅಲ್ಲ. ಅದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಆಳುಗಳ ಕೆಲಸ ನೋಡಿಕೊಳ್ಳುವ ತೋಟದ ರೈಟರ್ ಇದ್ದ ಹಾಗೆ ಅಂದುಕೊಳ್ಳಿ: ಕೆಲಸ ನಿಧಾನವಾದರೆ ಅವರ ದನಿ ಏರುತ್ತದೆ, ಕೆಲಸ ಜಾಸ್ತಿಯಾದರೆ ಸುಮ್ಮನಾಗುತ್ತಾರೆ. ಥೈರಾಯ್ಡ್ ಸೋತರೆ ಟಿಎಸ್‌ಎಚ್ ಏರುತ್ತದೆ, ಥೈರಾಯ್ಡ್ ಅತಿಯಾಗಿ ದುಡಿದರೆ ಇಳಿಯುತ್ತದೆ. ಟಿ4 ಒಂಚೂರು ಕಡಿಮೆಯಾದರೂ ಟಿಎಸ್‌ಎಚ್ ಹಲವು ಪಟ್ಟು ಏರಿಬಿಡುತ್ತದೆ, ಹಾಗಾಗಿ ತೊಂದರೆಯ ಸುಳಿವು ಮೊದಲು ಸಿಗುವುದು ಇದರಲ್ಲೇ. ಆದರೆ ಇಷ್ಟು ಸೂಕ್ಷ್ಮವಾಗಿರುವುದರಿಂದಲೇ ಸಣ್ಣಪುಟ್ಟ ಕಾರಣಕ್ಕೂ ಅದು ಆಚೀಚೆ ಆಗುತ್ತದೆ.

ದೊಡ್ಡವರಲ್ಲಿ ಸುಮಾರು 0.4ರಿಂದ 4ರವರೆಗೆ ನಾರ್ಮಲ್ ಅಂತ ಹೆಚ್ಚಿನ ಲ್ಯಾಬ್‌ಗಳು ಬರೆಯುತ್ತವೆ. ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, 70 ದಾಟಿದವರಲ್ಲಿ ಸ್ವಲ್ಪ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಚಿಂತೆ ಇಲ್ಲ. ಇನ್ನು, ಟಿಎಸ್‌ಎಚ್ ರಾತ್ರಿ ಮತ್ತು ಬೆಳಗಿನ ಜಾವ ಏರಿರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಕೊಟ್ಟ ರಕ್ತವನ್ನು ಮಧ್ಯಾಹ್ನ ಮೂರಕ್ಕೆ ಕೊಟ್ಟದ್ದರ ಜೊತೆ ಹೋಲಿಸಿ ‘ಏರಿತು, ಇಳಿಯಿತು’ ಅನ್ನಬೇಡಿ. ಮುಖ್ಯವಾಗಿ, ಜೋರು ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಕೆಲವು ವಾರ ಏರಿ, ತಾನಾಗಿಯೇ ಇಳಿಯುವುದುಂಟು. ನೀವು ಜ್ವರ ಬಿಟ್ಟು ಮೂರು ವಾರಕ್ಕೇ ರಕ್ತ ಕೊಟ್ಟಿದ್ದೀರಿ. ಈ 6.8ರ ಮೇಲೆ ಜೀವನಪೂರ್ತಿಯ ತೀರ್ಮಾನ ಮಾಡಲು ನನಗಂತೂ ಧೈರ್ಯ ಇಲ್ಲ.

ನಿಮ್ಮ ಪ್ಯಾಕೇಜ್‌ನಲ್ಲಿ ಬಂದಿರುವುದು ‘ಟೋಟಲ್’ ಟಿ3, ಟಿ4. ರಕ್ತದಲ್ಲಿರುವ ಟಿ4ನಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಕೆಲಸಕ್ಕೆ ಬರುವುದು ಬಿಡಿಯಾಗಿರುವ ಚೂರು ಮಾತ್ರ. ಬಸುರಿಯಾದಾಗ, ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಾಗ ಆ ಪ್ರೋಟೀನ್ ಏರಿ, ಥೈರಾಯ್ಡ್ ಸರಿಯಾಗಿದ್ದರೂ ಟೋಟಲ್ ಟಿ4 ಜಾಸ್ತಿ ತೋರಿಸುತ್ತದೆ. ಅದಕ್ಕೇ ಆ ಬಿಡಿ ಚೂರನ್ನು ಅಳೆಯುವ ‘ಫ್ರೀ ಟಿ4’ ಮಾಡಿಸಿ. ಥೈರಾಯ್ಡ್ ಕಡಿಮೆ ಇದೆಯೇ ಅಂತ ನೋಡಲು ಟಿ3 ಹೆಚ್ಚು ಸಹಾಯ ಮಾಡುವುದಿಲ್ಲ, ರೋಗ ಬಲಿತ ಮೇಲೂ ಅದು ನಾರ್ಮಲ್ ಇರಬಹುದು. ಪ್ಯಾಕೇಜ್‌ನಲ್ಲಿ ಟೆಸ್ಟ್‌ಗಳ ಸಂಖ್ಯೆ ಏರಿಸಲು ಸೇರಿಸುತ್ತಾರೆ ಅನ್ನುವುದು ನನ್ನ ಅನುಮಾನ.

ಹಾಗಾಗಿ ಎರಡು ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಬೆಳಗಿನ ಅದೇ ಹೊತ್ತಿಗೆ ಟಿಎಸ್‌ಎಚ್, ಫ್ರೀ ಟಿ4 ಮತ್ತು ಒಂದು ಸಲಕ್ಕೆ ಆಂಟಿ-ಟಿಪಿಓ ಮಾಡಿಸಿ. ಖಾಲಿ ಹೊಟ್ಟೆ ಕಡ್ಡಾಯವೇನಲ್ಲ. ಆಂಟಿ-ಟಿಪಿಓ ಪಾಸಿಟಿವ್ ಬಂದರೆ ದೇಹವೇ ಥೈರಾಯ್ಡ್ ಮೇಲೆ ತಿರುಗಿ ಬಿದ್ದಿದೆ ಎಂದರ್ಥ. ಟಿಎಸ್‌ಎಚ್ ಕೂಡ ಏರಿರುವ ಇಂಥ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 4 ಮಂದಿಗೆ ಥೈರಾಯ್ಡ್ ಪೂರ್ತಿ ಕೈಕೊಡುತ್ತದೆ. ಅಂದರೆ ಉಳಿದ 96 ಮಂದಿಗೆ ಆ ವರ್ಷ ಹಾಗಾಗುವುದಿಲ್ಲ ಅಲ್ವಾ? ಒಮ್ಮೆ ಪಾಸಿಟಿವ್ ಬಂದ ಮೇಲೆ ಅದನ್ನೇ ವರ್ಷ ವರ್ಷ ಮಾಡಿಸಿ ದುಡ್ಡು ಕಳೆಯಬೇಡಿ, ಮಾತ್ರೆಯ ಡೋಸ್ ನಿಂತಿರುವುದು ಅದರ ಮೇಲಲ್ಲ.

ಮತ್ತೆ ಮಾಡಿಸಿದಾಗ ಟಿಎಸ್‌ಎಚ್ 10 ದಾಟಿದ್ದರೆ, ಅಥವಾ ಫ್ರೀ ಟಿ4 ಕಡಿಮೆ ಇದ್ದರೆ, ಸಾಮಾನ್ಯವಾಗಿ ಮಾತ್ರೆ ಬೇಕಾಗುತ್ತದೆ. ಫ್ರೀ ಟಿ4 ಸರಿ ಇದ್ದು ಟಿಎಸ್‌ಎಚ್ 4ರಿಂದ 10ರ ನಡುವೆ ನಿಂತರೆ ಅದು ಡಾಕ್ಟರ ಜೊತೆ ಕೂತು ಮಾತಾಡುವ ವಿಷಯ. ಮಗು ಬೇಕೆನ್ನುವ ಯೋಚನೆ ಇದ್ದರೆ, ಗಂಟಲಲ್ಲಿ ಊತ ಇದ್ದರೆ ಲೆಕ್ಕ ಬೇರೆ, ತಿಂಗಳುಗಟ್ಟಲೆ ಕಾಯದೆ ಈಗಲೇ ತೋರಿಸಿ. ನಿಮ್ಮ ಸುಸ್ತಿಗೆ ಹಿಮೋಗ್ಲೋಬಿನ್, ಸಕ್ಕರೆ, ನಿದ್ದೆ ಇವನ್ನೂ ನೋಡಿಸಿ. ಇಷ್ಟು ಸಣ್ಣ ಏರಿಕೆಗೆ ಆರು ಕೆಜಿ ಬರುವುದು ಅಪರೂಪ.

ಪ್ರಶ್ನೆ: ಸೋಮವಾರಪೇಟೆಯಿಂದ. ಅಮ್ಮನಿಗೆ 61. ಥೈರಾಯ್ಡ್ ಮಾತ್ರೆ 50ರಿಂದ 75, ಆಮೇಲೆ 100 ಆಯಿತು, ಟಿಎಸ್‌ಎಚ್ ಈಗಲೂ 9. ದಿನಾ ತಪ್ಪದೆ ಬೆಳಿಗ್ಗೆ ಕಾಫಿ ಜೊತೆಗೇ ತೆಗೆದುಕೊಳ್ಳುತ್ತಾರೆ. ಡೋಸ್ ಇನ್ನೂ ಏರಿಸಬೇಕಾ?

‘ಕಾಫಿ ಜೊತೆಗೇ’ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಬಹುಶಃ ಅಲ್ಲೇ ಇದೆ. ಕೊಡಗಿನಲ್ಲಿ ಬೆಳಗಾಗುವುದೇ ಕಾಫಿಯಿಂದ, ಬಿಡಿ ಅಂತ ಹೇಳುವುದಿಲ್ಲ. ಆದರೆ ಕಾಫಿ ಈ ಮಾತ್ರೆಯನ್ನು ಹೊಟ್ಟೆಯಲ್ಲಿ ಸರಿಯಾಗಿ ಹೀರಲು ಬಿಡುವುದಿಲ್ಲ. ಹಾಲಿನದಾದರೂ ಸರಿ, ಬೆಲ್ಲದ ಕಪ್ಪು ಕಾಫಿಯಾದರೂ ಸರಿ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ ನುಂಗಿ, ಮುಕ್ಕಾಲು ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಳೆದು ಕಾಫಿ ಕುಡಿಯಲಿ. ಅಷ್ಟು ಹೊತ್ತು ಕಾಯೋಕೆ ಆಗೋದೇ ಇಲ್ಲ ಅಂದರೆ ಡಾಕ್ಟರನ್ನು ಕೇಳಿ ರಾತ್ರಿ ಮಲಗುವಾಗ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು. ಈ ವಯಸ್ಸಿನವರು ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವಕ್ಕೆ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ ಮಾತ್ರೆ ದಿನಾ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮಳೆಗಾಲದ ತೇವಕ್ಕೆ ಮಾತ್ರೆಯನ್ನು ಡಬ್ಬಿಯ ಮುಚ್ಚಳ ತೆರೆದಿಟ್ಟು ಹಾಳು ಮಾಡುವುದೂ ಇದೆ.

ಈ ಮಾತ್ರೆಯಲ್ಲಿರುವುದು ಟಿ4ಯೇ, ಅದು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಅದಕ್ಕೇ ಡೋಸ್ ಅಥವಾ ಅಭ್ಯಾಸ ಬದಲಾಯಿಸಿ ಆರರಿಂದ ಎಂಟು ವಾರ ಆಗುವ ಮುಂಚೆ ಟೆಸ್ಟ್ ಮಾಡಿಸುವುದು ದಂಡ. ಈಗ 100ರಲ್ಲೇ ಇರಲಿ, ಕಾಫಿಯನ್ನು ಮಾತ್ರೆಯಿಂದ ದೂರ ಮಾಡಿ, ಎಂಟು ವಾರಕ್ಕೆ ನೋಡಿ. ಟಿಎಸ್‌ಎಚ್ ತೀರಾ ಇಳಿದು ಡೋಸ್ ತಗ್ಗಿಸಬೇಕಾದರೂ ಆಶ್ಚರ್ಯವಿಲ್ಲ. ನಡುವೆ ಎದೆ ಡವಡವ ಅಂದರೆ, ಕೈ ನಡುಗಿದರೆ ಎಂಟು ವಾರ ಕಾಯಬೇಡಿ. ಟೆಸ್ಟ್ ದಿನ ರಕ್ತ ಕೊಟ್ಟ ಮೇಲೆಯೇ ಆ ದಿನದ ಮಾತ್ರೆ ನುಂಗಲಿ, ಇಲ್ಲದಿದ್ದರೆ ಫ್ರೀ ಟಿ4 ಸುಮ್ನೆ ಜಾಸ್ತಿ ತೋರಿಸುತ್ತದೆ. ಅಂದಹಾಗೆ ಕೆಲವರು ತಿಂಗಳಿಡೀ ಮರೆತು, ಟೆಸ್ಟ್‌ಗೆ ನಾಲ್ಕು ದಿನ ಇರುವಾಗ ಶ್ರದ್ಧೆಯಿಂದ ನುಂಗುತ್ತಾರೆ. ಆಗ ಟಿಎಸ್‌ಎಚ್ ಜಾಸ್ತಿ, ಫ್ರೀ ಟಿ4 ಸರಿಯಾಗಿ ಬರುತ್ತದೆ, ನಮಗೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ವಿರಾಜಪೇಟೆ, ವಯಸ್ಸು 26. ಟಿಎಸ್‌ಎಚ್ 0.1, ಫ್ರೀ ಟಿ4 ಜಾಸ್ತಿ. ಎದೆ ಡವಡವ ಇಲ್ಲ, ತೂಕ ಇಳಿದಿಲ್ಲ. ಕೂದಲು ಉದುರುವುದಕ್ಕೆ ಬಯೋಟಿನ್ ಅನ್ನುವ ವಿಟಮಿನ್ ತಿನ್ನುತ್ತಿದ್ದೇನೆ, ಬೇರೆ ಏನೂ ಇಲ್ಲ.

ಆ ಬಯೋಟಿನ್ನೇ ಮಷಿನ್ನನ್ನು ದಾರಿ ತಪ್ಪಿಸಿರಬಹುದು. ಅನೇಕ ಲ್ಯಾಬ್‌ಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ಬರುತ್ತದೆ. ಕನಿಷ್ಠ ಎರಡು ದಿನ, ಡೋಸ್ ದೊಡ್ಡದಿದ್ದರೆ ಇನ್ನೂ ಕೆಲವು ದಿನ ನಿಲ್ಲಿಸಿ, ಲ್ಯಾಬಿನವರಿಗೆ ಹೇಳಿ ಮತ್ತೆ ಮಾಡಿಸಿ. ಆಗಲೂ ಹೀಗೇ ಬಂದರೆ ಡಾಕ್ಟರನ್ನು ನೋಡಲೇಬೇಕು.

ಪ್ರಶ್ನೆ: ನಾವು ಅಡುಗೆಗೆ ಕಲ್ಲುಪ್ಪೇ ಬಳಸುವುದು. ಗುಡ್ಡದ ಊರಲ್ಲಿ ಅಯೋಡಿನ್ ಕಡಿಮೆ ಅಂತಾರೆ. ಅದಕ್ಕೆ ರಕ್ತ ಪರೀಕ್ಷೆ ಇದೆಯಾ? (ಭಾಗಮಂಡಲ)

ಜೋರು ಮಳೆ ಬೀಳುವ ಗುಡ್ಡದ ಮಣ್ಣಿನಿಂದ ಅಯೋಡಿನ್ ತೊಳೆದು ಹೋಗುತ್ತದೆ, ಅದು ನಿಜ. ಗಳಗಂಡ ತಡೆಯಲೆಂದೇ ಸರ್ಕಾರ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು, ಉಪ್ಪಿಗೆ ಅಯೋಡಿನ್ ಸೇರಿಸುವುದು ಅದರ ಭಾಗ. ಒಬ್ಬೊಬ್ಬರಿಗೆ ಅಯೋಡಿನ್ ಪರೀಕ್ಷೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಪ್ಯಾಕೆಟ್ ಮೇಲೆ ಅಯೋಡಿನ್ ಸೇರಿಸಿದ ಉಪ್ಪು ಅಂತ ಇದೆಯಾ ನೋಡಿ ತನ್ನಿ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ, ಒಲೆಯ ಬಿಸಿ ಮತ್ತು ತೇವ ತಾಗದ ಹಾಗೆ ಇಡಿ. ಸೈಂಧವ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಹಾಗಂತ ಅಯೋಡಿನ್ ಹನಿ, ಮಾತ್ರೆ ತರಿಸಬೇಡಿ, ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ಪ್ರಶ್ನೆ: ಕುಶಾಲನಗರ. ಥೈರಾಯ್ಡ್ ಮಾತ್ರೆ 50 ತೆಗೆದುಕೊಳ್ಳುತ್ತಿದ್ದೇನೆ. ಈಗ ಆರು ವಾರದ ಬಸುರಿ, ಟಿಎಸ್‌ಎಚ್ 3.6. ರಿಪೋರ್ಟ್‌ನಲ್ಲಿ ನಾರ್ಮಲ್ ಅಂತಿದೆ. ಡಾಕ್ಟರನ್ನು ಮುಂದಿನ ತಿಂಗಳು ನೋಡಿದರೆ ಸಾಕಾ?

ಮುಂದಿನ ತಿಂಗಳಿಗೆ ಬಿಡಬೇಡಿ, ಈ ವಾರವೇ ಹೋಗಿ. ರಿಪೋರ್ಟ್‌ನಲ್ಲಿರುವ ನಾರ್ಮಲ್ ಬಸುರಿಯರಿಗೆ ಹೇಳಿದ್ದಲ್ಲ. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಮಾತ್ರೆಯಲ್ಲಿರುವವರಿಗೆ ಟಿಎಸ್‌ಎಚ್ 2.5ರ ಕೆಳಗಿರಲಿ ಅಂತ ನೋಡುತ್ತೇವೆ, ಹೆಚ್ಚಿನವರಿಗೆ ಡೋಸ್ ಏರಿಸಬೇಕಾಗುತ್ತದೆ. ಅಲ್ಲಿವರೆಗೆ ಈಗಿನ ಮಾತ್ರೆ ಒಂದು ದಿನವೂ ತಪ್ಪದಿರಲಿ. ಐದನೇ ತಿಂಗಳವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ಟೆಸ್ಟ್ ಇರುತ್ತದೆ. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಮಧ್ಯಾಹ್ನಕ್ಕೆ, ರಾತ್ರಿಗೆ ತಳ್ಳಿ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹಳೇ ಡೋಸ್‌ಗೆ ಇಳಿಸಿ, ಆರು ವಾರಕ್ಕೆ ಮತ್ತೆ ನೋಡುತ್ತಾರೆ. ಮಗುವಿಗೂ ಎರಡು ಮೂರು ದಿನವಾದಾಗ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುವ ಪರೀಕ್ಷೆ ಇದೆ, ಡಿಸ್ಚಾರ್ಜ್ ಆಗುವ ಮುಂಚೆ ಮಾಡಿದ್ದೀರಾ ಅಂತ ಆಸ್ಪತ್ರೆಯವರನ್ನು ಕೇಳಿ.