ಹಳೇ ಲಾರಿ ಇಂಜಿನ್‌ನಲ್ಲಿ ಜೋರಾಗಿ ಟಕ್ ಟಕ್ ಸದ್ದು: ಇಂಜಿನ್ ಇಳಿಸಲೇಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಹಳೇ ಟಾಟಾ 2515, ಕಮಿನ್ಸ್ 5.9 ಲೀಟರ್ ಡೀಸೆಲ್ ಇಂಜಿನ್, ಲೈನ್ ಪಂಪ್ (ಒಂದೊಂದು ಸಿಲಿಂಡರಿಗೂ ಬೇರೆ ಪೈಪಲ್ಲಿ ಡೀಸೆಲ್ ಕಳಿಸೋ ಹಳೇ ಪಂಪ್). ಐಡ್ಲಿಂಗ್‌ನಲ್ಲಿ ಜೋರಾಗಿ ಟಕ್ ಟಕ್ ಅನ್ನುತ್ತೆ, ರೇಸ್ ಮಾಡಿದರೆ ಸದ್ದೂ ಅದರ ಜೊತೆಗೇ ಓಡುತ್ತೆ. ಗ್ಯಾರೇಜಿನವರು ಒಂದು ಸಲ ಕೇಳಿ "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದಿದ್ದಾರೆ. ಇಳಿಸಬೇಕಾಗಿ ಬಂದರೂ ಬರಬಹುದು, ಆದರೆ ಈಗಲೇ ಬೇಡ. ನಾನು ಲಾರಿ ಗ್ಯಾರೇಜಲ್ಲೇ ಕೆಲಸ ಮಾಡೋನು. ಈ ಇಂಜಿನ್‌ನಲ್ಲಿ ಬರೋ ಟಕ್ ಟಕ್ ಸದ್ದಿನಲ್ಲಿ ಹೆಚ್ಚಿನವು ಮೇಲಿನವು ಅಥವಾ ಹೊರಗಿನವು, ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಒಳಗಿನವಲ್ಲ. ಒಂದು ಸ್ಪ್ಯಾನರ್ ಸೆಟ್ಟು, ಒಂದು ಉದ್ದನೆ ರಾಡು, ಒಂದು ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡುಗಳು) ಇದ್ದರೆ ಅರ್ಧ ದಿನದಲ್ಲಿ ಗೊತ್ತಾಗುತ್ತೆ.

ಮೊದಲು ಆಯಿಲ್. ಲೆವೆಲ್ ನೋಡಿ, ಡಿಪ್ ಸ್ಟಿಕ್ ಮೂಸಿ ನೋಡಿ. ಲೆವೆಲ್ ತಾನಾಗಿ ಏರಿದ್ದರೆ, ಡೀಸೆಲ್ ವಾಸನೆ ಬರುತ್ತಿದ್ದರೆ, ಆಯಿಲ್ ತೆಳುವಾಗಿದೆ ಅಂತ ಅರ್ಥ. ಆಗ ಎಲ್ಲ ಸದ್ದೂ ಜಾಸ್ತಿನೇ ಕೇಳುತ್ತೆ. ಪ್ರೆಷರ್ ಸರಿ ಇದೆ ಅಂತ ಬರೆದಿದ್ದೀರಿ, ಆದರೆ ಇಷ್ಟು ಹಳೇ ಗಾಡಿಯ ಡ್ಯಾಶ್‌ಬೋರ್ಡ್ ಮೀಟರ್ ನಂಬಬೇಡಿ. ಬ್ಲಾಕಿಗೆ ನೇರವಾಗಿ ಒಂದು ಗೇಜ್ ಹಾಕಿಸಿ ನೋಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಕಮ್ಮಿ ಅಂದ್ರೂ 0.7 ಬಾರ್ ಇರಬೇಕು, ಸ್ಪೀಡಲ್ಲಿ 2 ಬಾರ್‌ಗಿಂತ ಕೆಳಗೆ ಬರಬಾರದು. ಇಷ್ಟಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ಗಾಡಿ ಓಡಿಸಬೇಡಿ, ನಿಮ್ಮ ಮೇಸ್ತ್ರಿ ಹೇಳಿದ್ದೇ ನಿಜ ಇರಬಹುದು.

ಆಮೇಲೆ ಏರ್ ಕಂಪ್ರೆಸರ್. ಇದನ್ನು ಯಾರೂ ನೋಡಲ್ಲ ಅನ್ನೋದೇ ಬೇಜಾರು. ಬ್ರೇಕಿನ ಏರ್ ಕಂಪ್ರೆಸರ್ ಟೈಮಿಂಗ್ ಗೇರಿನಿಂದಲೇ ತಿರುಗುತ್ತೆ. ಅದರದ್ದೇ ಪಿಸ್ಟನ್, ಅದರದ್ದೇ ರಾಡು, ಬೇರಿಂಗು. ಅದು ಸವೆದರೆ ಬರೋ ಸದ್ದು ಇಂಜಿನ್ ಸದ್ದಿನಂತೆಯೇ ಕೇಳುತ್ತೆ. ನೋಡೋದು ಸುಲಭ, ಒಂದು ಪೈಸೆ ಖರ್ಚಿಲ್ಲ. ಗಾಡಿ ಸ್ಟಾರ್ಟಲ್ಲಿಟ್ಟು ಏರ್ ತುಂಬಲು ಬಿಡಿ. ಫುಲ್ ಆಗಿ 'ಫುಸ್' ಅಂತ ಬಿಟ್ಟ ಕ್ಷಣ ಸದ್ದು ಬದಲಾಯಿತಾ ಗಮನಿಸಿ. ಈಗ ಬ್ರೇಕ್ ನಾಲ್ಕೈದು ಸಲ ತುಳಿದು ಏರ್ ಇಳಿಸಿ, ಕಂಪ್ರೆಸರ್ ಮತ್ತೆ ಲೋಡ್ ತಗೊಂಡಾಗ ಹಳೇ ಸದ್ದು ವಾಪಸ್ ಬಂದರೆ ಕಳ್ಳ ಸಿಕ್ಕಂತೆ. ಇಂಜಿನ್ ಮುಟ್ಟೋ ಅಗತ್ಯನೇ ಇಲ್ಲ.

ಟರ್ಬೋ ಇರೋ ಕಡೆ ಹೋಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್ಡಿನಿಂದ ಹೊಗೆ ಹೊರಗೆ ಒಯ್ಯೋ ಕಬ್ಬಿಣದ ಕೊಳವೆ) ನೋಡಿ. ಪ್ಯಾಕಿಂಗ್ ಹಾರಿದ್ದರೆ ಅಥವಾ ತುದಿಯ ಬೋಲ್ಟ್ ತುಂಡಾಗಿದ್ದರೆ ಅಲ್ಲಿಂದ ಗಾಳಿ ಹೊಡೆದು ಟ್ಯಾಪೆಟ್ (ವಾಲ್ವ್ ತೆರೆಯೋ ಭಾಗ) ಸದ್ದಿನ ಹಾಗೇ ಟಿಕ್ ಟಿಕ್ ಅನ್ನುತ್ತೆ. ಬೆಳಗ್ಗೆ ತಣ್ಣಗಿದ್ದಾಗ ಜೋರು, ಬಿಸಿಯಾಗಿ ಕಬ್ಬಿಣ ಹಿಗ್ಗಿದ ಮೇಲೆ ಕಮ್ಮಿ, ಲೋಡಲ್ಲಿ ಏರು ಹತ್ತುವಾಗ ಮತ್ತೆ ಜೋರು. ಹೆಡ್ಡಿಗೆ ಕೂಡೋ ಜಾಗದಲ್ಲಿ ಕಪ್ಪು ಮಸಿ ಹಿಡಿದಿರುತ್ತೆ. ಅಷ್ಟೇ.

ಈಗ ಕಿವಿಗೆ ಕೆಲಸ. ಉದ್ದನೆ ರಾಡಿನ ಒಂದು ತುದಿ ಇಂಜಿನ್ ಮೇಲೆ, ಇನ್ನೊಂದು ತುದಿ ಕಿವಿಯ ಹಿಂದಿನ ಮೂಳೆಗೆ. ಫ್ಯಾನ್, ಬೆಲ್ಟ್ ಕಡೆ ಬಟ್ಟೆ, ಕೈ ಹೋಗದ ಹಾಗೆ ನೋಡಿಕೊಳ್ಳಿ. ಈ ಇಂಜಿನ್‌ನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಟ್ಯಾಪೆಟ್ ಕವರ್ ಇದೆ, ಹಾಗಾಗಿ ಆರೂ ಕವರ್ ಮೇಲೆ ಇಟ್ಟು ಹೋಲಿಸಿದರೆ ಯಾವ ಸಿಲಿಂಡರ್ ಅನ್ನೋದು ಸುಮಾರಾಗಿ ತಿಳಿಯುತ್ತೆ. ಆಮೇಲೆ ಬ್ಲಾಕಿನ ಪಕ್ಕ, ಆಮೇಲೆ ಕೆಳಗೆ ಸಂಪ್. ಮೇಲೆ ಚೂಪಾಗಿ, ಕೆಳಗೆ ಮಂದವಾಗಿ ಕೇಳಿದರೆ ಒಳ್ಳೇ ಸುದ್ದಿ.

ಸಿಲಿಂಡರ್ ಸಿಕ್ಕ ಮೇಲೆ ನಾಝಲ್ (ಡೀಸೆಲ್ ಚಿಮ್ಮಿಸೋ ಭಾಗ) ಕಟ್ ಮಾಡಿ ನೋಡೋದು, ಅಂದರೆ ಒಂದೊಂದೇ ಸಿಲಿಂಡರಿಗೆ ಡೀಸೆಲ್ ನಿಲ್ಲಿಸಿ ನೋಡೋದು. ಐಡ್ಲಿಂಗ್‌ನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲ ಮಾಡಿ, ಸದ್ದು ಕೇಳಿ, ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ನಟ್ಟಿನ ಮೇಲೆ ದಪ್ಪ ಬಟ್ಟೆ ಇರಲಿ, ಬೆರಳು ಹತ್ತಿರ ತರಬೇಡಿ. ಆ ಪ್ರೆಷರಿನ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ, ನುಗ್ಗಿದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನಿಮ್ಮದು ಲೈನ್ ಪಂಪ್ ಅಂತ ಈ ಮಾತು ಹೇಳ್ತಿದ್ದೀನಿ. ಇದನ್ನು ಓದುತ್ತಿರೋ ಬೇರೆ ಯಾರಾದರೂ ಕಾಮನ್ ರೇಲ್ ಗಾಡಿಯವರಾದರೆ (ಎಲ್ಲ ನಾಝಲ್‌ಗೂ ಒಂದೇ ಪೈಪಿನಿಂದ ತುಂಬಾ ಜಾಸ್ತಿ ಪ್ರೆಷರಲ್ಲಿ ಡೀಸೆಲ್ ಹೋಗೋದು) ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ನಟ್ಟು ಸಡಿಲ ಮಾಡಿದರೂ ಸದ್ದು ಹಾಗೇ ಇದ್ದರೆ ಅದು ಉರಿಯೋದಕ್ಕೆ ಸಂಬಂಧಪಟ್ಟದ್ದಲ್ಲ, ಟ್ಯಾಪೆಟ್ ಕಡೆ ನೋಡಿ. ಸದ್ದು ಹೋದರೆ ಎರಡು ದಾರಿ: ನಾಝಲ್ ಕೆಟ್ಟಿದೆ, ಇಲ್ಲಾ ಆ ಸಿಲಿಂಡರಿನ ಪಿಸ್ಟನ್, ಪಿನ್ನು, ಬೇರಿಂಗ್‌ಗಳಲ್ಲಿ ಏನೋ ಇದೆ. ಇಲ್ಲೇ ಬಹಳ ಜನ "ಬೇರಿಂಗ್" ಅಂದುಬಿಡ್ತಾರೆ. ಆ ನಾಝಲ್ ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ, ಅದರದ್ದು ಇಲ್ಲಿಗೆ. ತಾಮ್ರದ ವಾಷರ್ ಹೊಸದೇ ಇರಲಿ. ಸದ್ದು ನಾಝಲ್ ಜೊತೆ ಹೋದರೆ ನಾಝಲ್ಲೇ, ಪಂಪ್ ಅಂಗಡಿಗೆ ಕೊಡಿ. ಸದ್ದು ಅಲ್ಲೇ ಉಳಿದರೆ ಮಾತ್ರ ಕೆಳಗಿನ ಚಿಂತೆ.

ಸದ್ದು ಇಂಜಿನ್ನಿನ ಅರ್ಧ ಸ್ಪೀಡಲ್ಲಿ ಬಂದರೆ ಟ್ಯಾಪೆಟ್ ಅಂತ ಯಾರೋ ಹೇಳಿದ್ದನ್ನು ನೀವು ಬರೆದಿದ್ದೀರಿ. ವಾಲ್ವ್‌ಗಳನ್ನು ತೆರೆಸೋ ಕ್ಯಾಮ್ ಶಾಫ್ಟ್ ಅರ್ಧ ಸ್ಪೀಡಲ್ಲಿ ತಿರುಗುತ್ತೆ, ನಿಜ. ಆದರೆ ಒಂದು ಸಿಲಿಂಡರಿನ ನಾಝಲ್ ಹೊಡೆಯೋದೂ ಎರಡು ಸುತ್ತಿಗೆ ಒಂದೇ ಸಲ, ಎಕ್ಸಾಸ್ಟ್ ಲೀಕೂ ಅಷ್ಟೇ. ಎಣಿಸಿ ಏನೂ ಪ್ರಯೋಜನ ಇಲ್ಲ.

ಟ್ಯಾಪೆಟ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಕೆಲಸ ಕೆಡೋದು ಇಲ್ಲೇ ಜಾಸ್ತಿ. ಇಂಜಿನ್ ತಣ್ಣಗಿರಬೇಕು. ರಾಕರ್ (ವಾಲ್ವನ್ನು ಒತ್ತೋ ತೋಳು) ಮತ್ತು ವಾಲ್ವಿನ ತಲೆಯ ನಡುವಿನ ಗ್ಯಾಪ್ ಇನ್‌ಲೆಟ್ 0.25 ಎಂಎಂ, ಎಕ್ಸಾಸ್ಟ್ 0.51 ಎಂಎಂ. ಟೈಮಿಂಗ್ ಪಿನ್ನು (ಒಂದನೇ ಪಿಸ್ಟನ್ ಮೇಲೆ ಬಂದ ಜಾಗ ತೋರಿಸೋದು) ಹಳೇ ಗಾಡಿಗಳಲ್ಲಿ ಬಹಳ ಸಲ ಮುರಿದಿರುತ್ತೆ, ಅದನ್ನು ಹುಡುಕುತ್ತಾ ಕೂರಬೇಡಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯೋ ಸರದಿ) 1-5-3-6-2-4. ಹಾಗಾಗಿ 1 ಮತ್ತು 6, 5 ಮತ್ತು 2, 3 ಮತ್ತು 4 ಜೋಡಿ. ಆರನೇದರ ಎರಡೂ ರಾಕರ್ ಒಟ್ಟಿಗೆ ಅಲ್ಲಾಡೋವಾಗ, ಅಂದರೆ ಎಕ್ಸಾಸ್ಟ್ ಮುಚ್ಚಿಕೊಳ್ತಾ ಇನ್‌ಲೆಟ್ ತೆರೀತಾ ಇರೋವಾಗ, ಒಂದನೇದು ಸೆಟ್ ಮಾಡಿ. ಎರಡನೇದು ಅಲ್ಲಾಡೋವಾಗ ಐದನೇದು, ಹೀಗೇ ಆರೂ ಮುಗಿಸಿ. ಲಾಕ್ ನಟ್ಟು ಬಿಗಿ ಮಾಡಿದ ಮೇಲೆ ಗೇಜ್ ಇನ್ನೊಂದು ಸಲ ಹಾಕಿ ನೋಡಲೇಬೇಕು, ಬಿಗಿ ಮಾಡುವಾಗ ಸ್ಕ್ರೂ ಸ್ವಲ್ಪ ತಿರುಗಿಬಿಡುತ್ತೆ.

ಗ್ಯಾಪ್ ಸರಿ ಇದೆ ಅಂತ ಗೇಜ್ ಹೇಳುತ್ತೆ, ಸದ್ದು ಮಾತ್ರ ಹೋಗಲ್ಲ. ಇದು ಬಹಳ ಸಲ ಆಗುತ್ತೆ. ಆಗ ರಾಕರ್ ತೆಗೆದು, ವಾಲ್ವಿನ ತಲೆಗೆ ತಾಗೋ ಮುಖವನ್ನು ಬೆಳಕಿಗೆ ಹಿಡಿದು ಉಗುರಿಂದ ಸವರಿ ನೋಡಿ. ಸಣ್ಣ ಗುಳಿ ಬಿದ್ದಿದ್ದರೆ ಉಗುರು ಸಿಕ್ಕಿಕೊಳ್ಳುತ್ತೆ. ಗೇಜಿನ ತಗಡು ಚಪ್ಪಟೆ, ಅದು ಗುಳಿಯ ಎರಡು ಅಂಚಿನ ಮೇಲೆ ಕೂತು ಸರಿಯಾಗಿದೆ ಅನ್ನುತ್ತೆ, ಆದರೆ ವಾಲ್ವ್ ಹೊಡೀತಿರೋದು ಗುಳಿಯ ತಳಕ್ಕೆ. ರಾಕರ್ ಬದಲಾಯಿಸಬೇಕು. ಕೆಳಗಿಂದ ರಾಕರನ್ನು ಎತ್ತೋ ಪುಶ್ ರಾಡನ್ನೂ ಒಂದು ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಎಗರುತ್ತೆ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಿಸಬೇಡಿ: ಸದ್ದು ಹೋಗಲಿ ಅಂತ ಟ್ಯಾಪೆಟ್ ಟೈಟ್ ಮಾಡಿಸೋದು. ಗಿರಾಕಿಗೆ ಸದ್ದು ಕೇಳಿಸಬಾರದು ಅಷ್ಟೇ ಅಂತ ಹಾಗೆ ಮಾಡಿ ಕಳಿಸೋರು ಇದ್ದಾರೆ. ವಾಲ್ವ್ ಮುಚ್ಚಿದಾಗ ಸೀಟಿಗೆ ಒತ್ತಿಕೊಂಡು ಕೂತರೆ ತಾನೇ ಅದರ ಬಿಸಿ ಹೆಡ್ಡಿಗೆ ಇಳಿಯೋದು? ಗ್ಯಾಪ್ ಇಲ್ಲದಿದ್ದರೆ ಪೂರ್ತಿ ಮುಚ್ಚಲ್ಲ, ಬಿಸಿ ಅಲ್ಲೇ ನಿಂತು ಎಕ್ಸಾಸ್ಟ್ ವಾಲ್ವ್ ಸುಟ್ಟು ಹೋಗುತ್ತೆ. ಹಾಗೆ ಟೈಟ್ ಮಾಡಿ ಕಳಿಸಿದ್ದ ಗಾಡಿಯೊಂದು ನಮ್ಮಲ್ಲಿಗೆ ಬಂದಾಗ ಸದ್ದೇನೋ ಇರಲಿಲ್ಲ, ಆದರೆ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಕಚ್ಚಿ ತೆಗೆದಂತೆ ಇತ್ತು, ಏರಿನಲ್ಲಿ ಎಳೀತಾನೇ ಇರಲಿಲ್ಲ. ಇನ್ನೊಂದು ಮಾತು. ವಾಲ್ವ್ ಸೀಟ್ ಸವೆದು ಒಳಗೆ ಕೂತರೂ ಗ್ಯಾಪ್ ಕಮ್ಮಿಯಾಗುತ್ತೆ. ಆದ್ದರಿಂದ ಹಳೇ ಟಕ್ ಟಕ್ ತಾನಾಗಿ ನಿಂತರೆ ಖುಷಿ ಪಡಬೇಡಿ, ಗೇಜ್ ಹಾಕಿ.

ಸರಿಯಾಗಿ ಸೆಟ್ ಮಾಡಿಯೂ ಸ್ವಲ್ಪ ದಿನಕ್ಕೇ ಅದೇ ಒಂದು ವಾಲ್ವಿನ ಗ್ಯಾಪ್ ಮತ್ತೆ ಜಾಸ್ತಿಯಾದರೆ ಕ್ಯಾಮ್ ಅಥವಾ ಅದರ ಟ್ಯಾಪೆಟ್ ತಿಂದುಹೋಗ್ತಿದೆ. ಆಯಿಲ್ ಫಿಲ್ಟರ್ ಕೊಯ್ದು ಒಳಗಿನ ಕಾಗದ ಬಿಚ್ಚಿ ನೋಡಿ. ಮ್ಯಾಗ್ನೆಟ್‌ಗೆ ಅಂಟೋ ಪುಡಿ ಸಿಕ್ಕರೆ ಕ್ಯಾಮ್ ಕಡೆಯ ಅನುಮಾನ. ಅಂಟದ ತಾಮ್ರದ ಬಣ್ಣದ ಚೂರು ಸಿಕ್ಕರೆ ಬೇರಿಂಗು, ಆಗ ನಾನೂ ಇಳಿಸಿ ಅಂತಾನೇ ಹೇಳ್ತೀನಿ. ಬೇರಿಂಗ್ ಸದ್ದು ಕೇಳಿದರೂ ಬೇರೆನೇ: ಒನಕೆ ಕುಟ್ಟಿದ ಹಾಗೆ ದಪ್ಪಗೆ, ಕೆಳಗಿಂದ, ಬಿಸಿಯಾದಷ್ಟೂ ಜಾಸ್ತಿ, ಲೋಡ್ ಬಿದ್ದಾಗ ಇನ್ನೂ ಜಾಸ್ತಿ. ಅದನ್ನು ಇಟ್ಟುಕೊಂಡು ಘಾಟ್ ಹತ್ತಿದರೆ ಪಿಸ್ಟನ್ನಿನ ರಾಡು ಬ್ಲಾಕ್ ಒಡೆದುಕೊಂಡು ಹೊರಗೆ ಬರಬಹುದು, ಆಮೇಲೆ ಗುಜರಿಯೇ ಗತಿ.

ವಿಡಿಯೋಗಳಲ್ಲಿ ತೋರಿಸೋ, ಆಯಿಲಿಗೆ ಸುರಿಯೋ ಟ್ಯಾಪೆಟ್ ಸದ್ದಿನ ಔಷಧಿ ಹಾಕಲಾ ಅಂತಲೂ ಕೇಳಿದ್ದೀರಿ. ಬೇಡ. ಆ ವಿಡಿಯೋಗಳು ಹೆಚ್ಚಾಗಿ ಅಮೆರಿಕದ ಪೆಟ್ರೋಲ್ ಪಿಕಪ್‌ಗಳದ್ದು. ಅವುಗಳಲ್ಲಿ ಹೈಡ್ರಾಲಿಕ್ ಲಿಫ್ಟರ್ (ಆಯಿಲ್ ಪ್ರೆಷರಿಂದ ಗ್ಯಾಪ್ ತಾನೇ ಸರಿ ಮಾಡಿಕೊಳ್ಳೋ ಟ್ಯಾಪೆಟ್) ಇರುತ್ತೆ, ಕೊಳೆ ಕಟ್ಟಿದ್ದರೆ ಔಷಧಿಯಿಂದ ಬಿಡಬಹುದು. ನಿಮ್ಮದರಲ್ಲಿ ಹೈಡ್ರಾಲಿಕ್ ಲಿಫ್ಟರೇ ಇಲ್ಲ, ಎಲ್ಲ ಗಟ್ಟಿ ಕಬ್ಬಿಣ. ಸುಮ್ನೆ ದುಡ್ಡು ದಂಡ.

ಆಯಿಲ್ ಪ್ರೆಷರ್ ಸರಿ ಇದ್ದರೆ ಮೊದಲು ಏರ್ ಕಂಪ್ರೆಸರ್ ಪರೀಕ್ಷೆ ಮಾಡಿ, ಆಮೇಲೆ ನಾಝಲ್ ಕಟ್ ಮಾಡಿದಾಗ ಯಾವ ಸಿಲಿಂಡರಲ್ಲಿ ಏನಾಯಿತು ಅಂತ ಇಲ್ಲೇ ಬರೆಯಿರಿ. ಬಿಸಿ ಇಂಜಿನ್ನಿನ ಪ್ರೆಷರ್ ಎಷ್ಟು ತೋರಿಸ್ತು ಅನ್ನೋದನ್ನೂ ಸೇರಿಸಿ, ಮುಂದಿನದು ಹೇಳ್ತೀನಿ.